ಮೆಷಿನ್ ನಿಂತ ಸಾಲುಗಳು

ನನ್ನ ಹೆಂಡತಿ ಪತ್ರಿಕೆಗೆ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಅಚ್ಚಿನಲ್ಲಿ ಓದಿದವನಾಗಿರಲಿಲ್ಲ. ಇದನ್ನು ಕೇಳಿ ಹುಬ್ಬೇರಿಸುವವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಒಂದೇ: ಮನೆಯಲ್ಲಿ ಬಿಸಿಬಿಸಿ ಉಂಡವನು ಅದೇ ಅಡುಗೆಯನ್ನು ಮತ್ತೆ ಹೋಟೆಲಿಗೆ ಹೋಗಿ ತಿನ್ನುತ್ತಾನೆಯೇ? ಅವಳು ಬರೆದದ್ದು ಊರವರಿಗೆ ಭಾನುವಾರ ತಲುಪಿದರೆ, ನನ್ನ ಕಿವಿಗೆ ಗುರುವಾರವೇ ಬಿದ್ದಿರುತ್ತಿತ್ತು.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬೀದಿಗೆ ಒಂದು ಬಾಗಿಲು, ಒಂದು ದೊಡ್ಡ ಕಿಟಕಿ, ಕಿಟಕಿಯ ಬೆಳಕು ಸರಿಯಾಗಿ ಸೂಜಿಯ ಮೇಲೆ ಬೀಳುವ ಹಾಗೆ ಕಾಲಿನಲ್ಲಿ ತುಳಿಯುವ ಹಳೆಯ ಹೊಲಿಗೆ ಮೆಷಿನ್. ಎದುರು ಗೋಡೆಯ ಮೊಳೆಗಳಲ್ಲಿ ಕಾಗದದ ತೋಳುಗಳು, ಕಾಲರುಗಳು, ಬೆನ್ನುಗಳು ನೇತಾಡುತ್ತಿರುತ್ತವೆ. ಹಳೆಯ ಪತ್ರಿಕೆಯನ್ನು ಅಳತೆಗೆ ಕತ್ತರಿಸಿ ಮಾದರಿ ಮಾಡಿಟ್ಟುಕೊಳ್ಳುವುದು ನಮ್ಮ ಕಸುಬಿನವರ ರೂಢಿ. ಭಾನುವಾರದ ಪುರವಣಿಯ ಕಾಗದ ಸ್ವಲ್ಪ ದಪ್ಪ, ಮಡಿಸಿದರೆ ಮಡಿಕೆ ನಿಲ್ಲುತ್ತದೆ. ಹಾಗಾಗಿ ನನ್ನ ಹೆಂಡತಿಯ ಅಂಕಣ ಬಹುಪಾಲು ಗಿರಾಕಿಗಳ ಭುಜವಾಗಿಯೋ ಜೇಬಾಗಿಯೋ ಕೊನೆಗೊಂಡಿದೆ. ಅವಳು ಅದಕ್ಕೆ ಬೇಜಾರು ಮಾಡಿಕೊಂಡವಳಲ್ಲ. "ಯಾರದೋ ಮೈಗಾದ್ರೂ ಸರಿಹೋಯ್ತಲ್ಲ" ಎಂದು ನಕ್ಕುಬಿಡುತ್ತಿದ್ದಳು.

ಅವಳ ಅಂಕಣದ ಹೆಸರು 'ಹೀಗೇಕೆ'. ನಮ್ಮ ಬೀದಿಯವರು ಅವಳಿಗಿಟ್ಟ ಹೆಸರು ಯಾಕಮ್ಮ. ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆಯುವ ಕೆಲಸದಲ್ಲಿದ್ದಾಗಲೇ ಎಲ್ಲರನ್ನೂ ಯಾಕೆ ಯಾಕೆ ಎಂದು ಕೇಳಿ ಕೇಳಿ ತಲೆ ತಿನ್ನುತ್ತಿದ್ದವಳು, ಆಮೇಲೆ ಅದನ್ನೇ ಬರೆಯುವುದಕ್ಕೆ ಹಿಡಿದಳು. ಕಣ್ಣಾರೆ ನೋಡದೆ ಒಂದು ಸಾಲು ಬರೆಯಬಾರದು ಎಂಬ ಹಟ ಬೇರೆ. ಆ ಹಟದ ಪಾಡು ಪಟ್ಟವನು ನಾನು. ನನ್ನ ಇಸ್ತ್ರಿ ಪೆಟ್ಟಿಗೆಯ ಮೇಲೆ ನೀರಿನ ಹನಿಗಳನ್ನು ಕುಣಿಸಿದಳು. ನನ್ನ ರೇಷ್ಮೆ ಚೂರುಗಳನ್ನು ಉಜ್ಜಿ ಉಜ್ಜಿ ಕಾಗದದ ಹರಕುಗಳನ್ನು ಮೇಲಕ್ಕೆ ಹಾರಿಸಿದಳು. ಒಮ್ಮೆ ಉಣ್ಣೆ ತಿನ್ನುವ ಹುಳುಗಳನ್ನು ಡಬ್ಬಿಯಲ್ಲಿ ಸಾಕಿ, ಮುಚ್ಚಳ ಹಾಕುವುದನ್ನು ಮರೆತು, ಒಬ್ಬ ವಕೀಲರ ಕೋಟನ್ನು ಅವಕ್ಕೆ ಉಣಬಡಿಸಿದಳು. ವಕೀಲರ ಮುಂದೆ ಕೈಕಟ್ಟಿ ನಿಂತವನು ನಾನು. ಇವಳು ಒಳಗಿನಿಂದ "ಅವಕ್ಕೆ ತೋಳಿಗಿಂತ ಕಂಕುಳೇ ಇಷ್ಟ, ಬೆವರಿನ ರುಚಿಗೆ" ಎಂದು ವರದಿ ಒಪ್ಪಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಮೊದಲು, ಅವಳು ಎತ್ತರದ ಸ್ಟೂಲನ್ನು ನನ್ನ ಮೆಷಿನ್ನಿನ ಪಕ್ಕಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಒಂದು ಕೈಯಲ್ಲಿ ಬರೆದ ಹಾಳೆ, ಇನ್ನೊಂದರಲ್ಲಿ ಪೆನ್ಸಿಲು. ಮೊದಲ ಸಲ ಕೂತಾಗ ಹೇಳಿದ್ದಳು: "ನೀವು ನಿಮ್ಮ ಪಾಡಿಗೆ ಹೊಲೀತಿರಿ. ನೀವೇನೂ ಹೇಳೋದು ಬೇಡ, ನಾನೇ ನೋಡ್ಕೋತೀನಿ." ಅಷ್ಟೇ. ಅವಳು ಓದುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಮೆಷಿನ್ನಿನ ಕಟಕಟ ಸದ್ದಿನೊಳಗೇ ಅವಳ ದನಿ ಸಾಗುತ್ತಿತ್ತು. ಮಾಮೂಲಿ ವಿಷಯವಾದರೆ ಕಾಲು ಅದರ ಪಾಡಿಗೆ ತುಳಿಯುತ್ತಿತ್ತು. ಆದರೆ ಕೆಲವೊಮ್ಮೆ ಒಂದು ಮಾತು ಬರುತ್ತಿತ್ತು ನೋಡಿ, ಕಾಲು ತಾನಾಗಿಯೇ ನಿಂತುಬಿಡುತ್ತಿತ್ತು. ಬೀದಿ, ಬಟ್ಟೆ, ಗಿರಾಕಿಗೆ ಕೊಟ್ಟ ವಾಯಿದೆ ಎಲ್ಲ ಮರೆತುಹೋಗುತ್ತಿತ್ತು. ಆಗ ಅವಳು ತಲೆಯೆತ್ತದೆ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದುಕೊಂಡು ಮುಂದೆ ಓದುತ್ತಿದ್ದಳು. ಚೆನ್ನಾಗಿದ್ದದ್ದಕ್ಕೆ ಗುರುತು ಹಾಕಿಕೊಳ್ಳುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಇಡೀ ಪತ್ರಿಕೆ ಕಚೇರಿಯಲ್ಲಿ ಯಾರಿಗೂ ಇಲ್ಲದ ಅಧಿಕಾರ ನನ್ನ ಪಾದಕ್ಕಿದೆ ಎಂದು ಮೆರೆಯುತ್ತಿದ್ದೆ.

ಆ ಮಾತುಗಳನ್ನು ನಾನು ಗಿರಾಕಿಗಳಿಗೂ ಬಡಿಸುತ್ತಿದ್ದೆ. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಇದ್ದಾರೆ, ಅವಳ ಅಂಕಣವನ್ನು ತಪ್ಪದೆ ಓದುವ ಮನುಷ್ಯ. ಒಂದು ದಿನ ಅವರ ಎದೆಯಳತೆ ತೆಗೆಯುತ್ತ, ಜೇಡದ ಬಗ್ಗೆ ಅವಳು ಬರೆದದ್ದನ್ನು ಹೇಳಿದೆ: ಜೇಡ ತನ್ನ ಹಳೆಯ ಬಲೆಯನ್ನು ತಾನೇ ತಿಂದು ಹೊಸದನ್ನು ನೇಯುತ್ತದೆ, ಅದಕ್ಕೆ ನಿನ್ನೆಯ ಮನೆಯೇ ಇವತ್ತಿನ ಮನೆಯ ನೂಲು. ಗುಮಾಸ್ತರು ಟೇಪಿನೊಳಗಿಂದಲೇ ತಕರಾರು ತೆಗೆದರು.

"ಬಲೆ ತಿನ್ನುತ್ತೆ ಅಂತ ಇತ್ತು. ನಿನ್ನೆಯ ಮನೆ, ಇವತ್ತಿನ ನೂಲು, ಅದೆಲ್ಲ ಇರ್ಲಿಲ್ಲ."

"ಇತ್ತು ಸ್ವಾಮಿ. ನನ್ನ ಹೆಂಡತಿ ಬರೆದದ್ದು ನನಗೆ ಗೊತ್ತಿಲ್ವಾ?"

"ನೀವು ಓದಿದ್ದೀರಾ?"

"ಓದೋದೇನು, ಕೇಳಿದ್ದೀನಿ. ನೀವು ಮೊದ್ಲು ಕನ್ನಡಕ ಬದಲಾಯಿಸಿ" ಎಂದೆ. ಅವರು ಮುಖ ಊದಿಸಿಕೊಂಡು ಹೋದವರು ಬಹಳ ಕಾಲ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದರು, ಊರಿನಲ್ಲಿ ಅವರ ಇಳಿಭುಜಕ್ಕೆ ಕೋಟು ಕೂರಿಸುವವನು ಬೇರೆ ಯಾರೂ ಇಲ್ಲ. ನಾನು ಗೆದ್ದೆ ಎಂದುಕೊಂಡೆ.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಸಂಪಾದಕರು ಒಂದು ಮಧ್ಯಾಹ್ನ ಮನೆಗೇ ಬಂದರು. ಫೋನಿನಲ್ಲಿ ಹೇಳಬಹುದಾದ ಮಾತಿಗೆ ಮನುಷ್ಯ ಮನೆಗೆ ಬಂದರೆ ಒಳ್ಳೆಯ ಸುದ್ದಿಯಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಪುರವಣಿ ನಿಲ್ಲುತ್ತಿದೆ. ಕಾಗದದ ಬೆಲೆ, ಜಾಹೀರಾತು, ಏನೇನೋ ಹೇಳಿದರು. ಕೊನೆಗೆ, "ಮೇಡಂ, ಓದುಗರಿಗೆ ಒಂದು ವಿದಾಯ ಬರೆದುಕೊಡಿ. ನಿಮ್ಮ ಬರಹದಲ್ಲಿ ಇಷ್ಟು ವರ್ಷಗಳಲ್ಲಿ ಅರ್ಥ ಆಗದ ಸಾಲು ಒಂದೂ ಇರ್ಲಿಲ್ಲ. ಒಂದು ಪದ ಹೆಚ್ಚಿರ್ಲಿಲ್ಲ. ತುಂಬ ಉಪಯುಕ್ತ" ಎಂದು ಕೈಮುಗಿದು ಹೋದರು.

ಅವರು ಅತ್ತ ಹೋದ ಮೇಲೆ ಅವಳು ಕಾಫಿ ಕಪ್ಪುಗಳನ್ನು ಎತ್ತದೆ ಕೂತೇ ಇದ್ದಳು. ಅಂಗಡಿಯಲ್ಲಿ ಗುಂಡಿ ಹೊಲಿಯುವ, ಗುಂಡಿಯ ತೂತಿಗೆ ಕಾಜಾ ಹಾಕುವ ಕೆಲಸ ನನ್ನ ತಂಗಿಯದು. ಅವಳು ಬಾಯಿಂದ ದಾರ ಕಡಿಯುತ್ತ, "ಅತ್ತಿಗೆ, ಅಷ್ಟು ಹೊಗಳಿದ್ರಲ್ಲ, ನಗಬಾರದಾ?" ಎಂದಳು.

"ಕುಕ್ಕರ್ ಕೊಂಡ್ರೆ ಜೊತೆಗೆ ಒಂದು ಪುಸ್ತಕ ಕೊಡ್ತಾರಲ್ಲ" ಎಂದಳು ನನ್ನ ಹೆಂಡತಿ. "ಅದ್ರಲ್ಲೂ ಅರ್ಥ ಆಗದ ಸಾಲಿರಲ್ಲ. ಅದೂ ಉಪಯುಕ್ತ."

ತಂಗಿ ನಕ್ಕಳು. ನಾನೂ ನಕ್ಕೆ. ಅವಳು ನಗಲಿಲ್ಲ.

ಆ ವಾರವೆಲ್ಲ ಬರೆದಳು, ಹರಿದಳು. ಬರೆಯುವಾಗ ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಹಿತ್ತಿಲಿಗೆ ತಿರುಗುತ್ತಲೇ ಇರುವವಳು ಈಗ ಮೇಜಿನ ಮುಂದೆ ಅಲ್ಲಾಡದೆ ಕೂತಿರುತ್ತಿದ್ದಳು. ಬುಧವಾರ ಊಟಕ್ಕೆ ಕರೆಯಲು ಹೋದಾಗ ಮುಖ ಆಚೆ ತಿರುಗಿಸಿಕೊಂಡೇ ಹೇಳಿದಳು: "ನಂಗೆ ಏನು ಸಂಕಟ ಗೊತ್ತಾ? ಒಂದೊಂದು ವಿಷಯ ತಿಳಿದಾಗ ನಂಗೆ ಮೈ ಜುಂ ಅಂತಿತ್ತು. ಆ ಸಂತೋಷ ಇನ್ನೊಬ್ಬರಿಗೆ ಮುಟ್ಟಲಿ ಅಂತಾನೇ ಬರೆಯೋಕೆ ಶುರು ಮಾಡಿದ್ದು. ಓದಿದವರು ಏನು ಕೇಳ್ತಾರೆ? ಕಲೆ ಹೋಗೋಕೆ ಏನು ಹಾಕ್ಬೇಕು, ಹಾಲು ಉಕ್ಕದ ಹಾಗೆ ಏನು ಮಾಡ್ಬೇಕು. ಮಾಹಿತಿ ಮುಟ್ಟಿತು. ಬೆರಗು ಒಬ್ಬರಿಗೂ ಮುಟ್ಟಲಿಲ್ಲ. ಇದನ್ನ ಇಟ್ಕೊಂಡು ಎಂಥ ವಿದಾಯ ಬರೀಲಿ?"

ನನಗೆ ಸಿಟ್ಟು ಬಂತು. ನನಗೆ ಮುಟ್ಟಿಲ್ಲವೇ? ನಾನೇನು ಮೆಷಿನ್ನಿನ ಭಾಗವೇ? ಆದರೆ ಅದನ್ನು ಹೇಗೆ ಹೇಳಬೇಕು ತಿಳಿಯದೆ "ಅನ್ನ ಆರತ್ತೆ, ಬಾ" ಎಂದಷ್ಟೇ ಹೇಳಿದೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಸಿಕ್ಕಿದ ಮಾತು ಅದು.

ಗುರುವಾರ ಎಂದಿನಂತೆ ಸ್ಟೂಲು ಎಳೆದುಕೊಂಡು ಬಂದಳು. ನಾನು ಒಂದು ಪ್ಯಾಂಟಿನ ಪಕ್ಕದ ಹೊಲಿಗೆಗೆ ಕೂತಿದ್ದೆ. ಅವಳು ಓದತೊಡಗಿದಳು. ಓದುಗರಿಗೆ ವಂದನೆ, ಸಂಪಾದಕರಿಗೆ ವಂದನೆ, ಅಚ್ಚು ಜೋಡಿಸಿದವರಿಗೆ ವಂದನೆ. ಮದುವೆ ಮನೆಯಲ್ಲಿ ಮೈಕು ಹಿಡಿದವನ ಹಾಗೆ ಎಲ್ಲರ ಹೆಸರೂ ಬಂತು. ನನ್ನ ಕಾಲು ತುಳಿಯುತ್ತಲೇ ಇತ್ತು. ಆಮೇಲೆ ಓದಿದಳು:

"ನನ್ನ ಮೊದಲ ಓದುಗರು ಒಬ್ಬ ದರ್ಜಿ. ನಾನು ಓದುವಾಗ ಅವರ ಮೆಷಿನ್ ಎಲ್ಲಿ ನಿಂತಿತೋ, ಅಲ್ಲಿ ನನ್ನ ಮಾತು ಅವರಿಗೆ ಅರ್ಥವಾಗಲಿಲ್ಲ ಎಂದು ತಿಳಿದು ಆ ಸಾಲನ್ನು ತೆಗೆದುಹಾಕುತ್ತ ಬಂದೆ. ನನ್ನ ಬರಹ ನಿಮಗೆ ತಿಳಿಯಾಗಿ ಕಂಡಿದ್ದರೆ ಅದರ ಶ್ರೇಯಸ್ಸು ಆ ಮೆಷಿನ್ನಿಗೆ ಸೇರಬೇಕು."

ನನ್ನ ಕಾಲು ನಿಂತುಹೋಯಿತು.

ಅವಳು ಪೆನ್ಸಿಲು ಎತ್ತಿದಳು. ನನ್ನ ಮುಖ ನೋಡಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ, "ಇದೂ ಅರ್ಥ ಆಗ್ಲಿಲ್ವಾ? ಹೋಗ್ಲಿ ಬಿಡಿ, ಇದನ್ನೂ ತೆಗೀತೀನಿ" ಎಂದು ಆ ಸಾಲುಗಳ ಮೇಲೆ ಗೀಟು ಎಳೆದಳು.

ಅವಳು ಕೊನೆಯವರೆಗೂ ಓದಿ ಎದ್ದುಹೋದಳು. ನಾನು ಏನು ಕೇಳಿದೆನೋ ನನಗೆ ಗೊತ್ತಿಲ್ಲ.

ತಂಗಿ ಕೆಲಸಕ್ಕೆ ಬಂದಾಗ ನಾನು ಗೋಡೆಯ ಮುಂದೆ ನಿಂತು ಮೊಳೆಯಿಂದ ಒಂದೊಂದೇ ಕಾಗದ ಇಳಿಸಿ ಓದುತ್ತಿದ್ದೆ. ಒಂದು ಕಾಲರಿನಲ್ಲಿ ಜೇಡದ ಅಂಕಣವಿತ್ತು. ಕುತ್ತಿಗೆಗೆ ಕತ್ತರಿಸಿಹೋದದ್ದು ಬಿಟ್ಟರೆ ಉಳಿದದ್ದೆಲ್ಲ ಓದುವ ಹಾಗಿತ್ತು. ಜೇಡ ಬಲೆ ತಿನ್ನುತ್ತದೆ, ಅದರಿಂದ ಅದಕ್ಕೆ ಬೇಕಾದ ಸತ್ವ ಮರಳಿ ಸಿಗುತ್ತದೆ. ಮುಂದಿನ ವಾಕ್ಯಕ್ಕೆ ಆಗಲೇ ಬೇರೆ ಮಾತು. ನಿನ್ನೆಯ ಮನೆ ಎಲ್ಲೂ ಇಲ್ಲ. ಗುಮಾಸ್ತರ ಕನ್ನಡಕ ಸರಿಯಾಗಿಯೇ ಇತ್ತು.

"ಏನಣ್ಣ, ಪೇಪರ್ ಓದ್ತಿದ್ದೀಯ? ಮೈ ಬಿಸಿ ಏನಾದ್ರೂ ಇದೆಯಾ?" ಎಂದು ತಂಗಿ ನನ್ನ ಹಣೆಗೆ ಕೈಯಿಡಲು ಬಂದಳು.

"ಚಂದ್ರನ ಬಗ್ಗೆ ಬರೆದಿದ್ದಳಲ್ಲ, ನೆನಪಿದೆಯಾ ನಿಂಗೆ?"

"ವರ್ಷವರ್ಷ ಸ್ವಲ್ಪ ಸ್ವಲ್ಪ ದೂರ ಹೋಗ್ತಾನೆ ಅಂತ. ಓದಿದ್ದೀನಿ."

"ನೆಂಟನ ಮಾತು ಇತ್ತಾ ಅದ್ರಲ್ಲಿ?"

"ಯಾವ ನೆಂಟ?" ಎಂದಳು ತಂಗಿ.

ಮೇಜಿನ ಮೇಲೆ ಕೈಯೂರಿ ಕೂತುಬಿಟ್ಟೆ. ಚೆನ್ನಾಗಿದೆ ಎಂದು ನಾನು ನಿಂತಲ್ಲೆಲ್ಲ ಅವಳು ಕತ್ತರಿಸಿದ್ದಾಳೆ. ಕತ್ತರಿ ಹಿಡಿದು ಬದುಕಿದವನು ನಾನು, ಇಂಥ ಕತ್ತರಿ ನನ್ನ ಪಾದದಲ್ಲೂ ಇತ್ತು ಎಂದು ತಿಳಿದಿರಲಿಲ್ಲ. ಅವಳಿಗೆ ಇದನ್ನು ಹೇಳುವುದೇ? ಹೇಳಿದರೆ, ಹೋದದ್ದೆಲ್ಲ ಸುಮ್ಮಸುಮ್ಮನೆ ಹೋಯಿತು ಎಂದಾಗುತ್ತದೆ. ಇಷ್ಟು ವರ್ಷದ ಬರಹದ ಮೇಲೆ ನೀರು ಸುರಿದ ಹಾಗೆ. ಹೇಳದಿದ್ದರೆ, ಕುಕ್ಕರಿನ ಪುಸ್ತಕ ಬರೆದವಳಾಗಿಯೇ ಅವಳು ಎದ್ದುಹೋಗುತ್ತಾಳೆ, ಬೆರಗು ಒಬ್ಬರಿಗೂ ಮುಟ್ಟಲಿಲ್ಲ ಎಂದುಕೊಂಡೇ ಉಳಿದ ಕಾಲ ಕಳೆಯುತ್ತಾಳೆ. ಆ ದಿನ ಒಬ್ಬ ಗಿರಾಕಿಯ ಎಡತೋಳನ್ನು ಬಲಕ್ಕೆ ಕೂರಿಸಿ, ಬಿಚ್ಚಿ, ಮತ್ತೆ ಎಡತೋಳನ್ನೇ ಬಲಕ್ಕೆ ಕೂರಿಸಿದೆ. ತಂಗಿ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು, "ಹೋಗಿ ಅತ್ತಿಗೆ ಹತ್ರ ಮಾತಾಡು ಮೊದ್ಲು. ಏನು ಜಗಳಾನೋ ಏನೋ, ಬಟ್ಟೆ ಯಾಕೆ ಹಾಳು ಮಾಡ್ತೀಯ" ಎಂದಳು.

ಸಂಜೆ ಬೆಳಕಿರುವಾಗಲೇ ಒಳಗೆ ಹೋದೆ. ಅವಳು ಹಾಳೆಯನ್ನು ಲಕೋಟೆಗೆ ಹಾಕುತ್ತಿದ್ದಳು.

"ಕಳಿಸ್ಬೇಡ" ಎಂದೆ.

"ಯಾಕೆ?"

"ಮೆಷಿನ್ ನಿಂತಿದ್ದು ಅರ್ಥ ಆಗದೆ ಅಲ್ಲ ಕಣೇ. ಚೆನ್ನಾಗಿದೆ ಅಂತ ನಿಲ್ತಿತ್ತು. ನಿನ್ನ ಪೆನ್ಸಿಲ್ ಗೀಟು ನೋಡಿ, ಒಳ್ಳೇದಕ್ಕೆ ಗುರುತು ಹಾಕ್ಕೋತೀಯ ಅಂದ್ಕೊಂಡಿದ್ದೆ."

ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ದನಿ ಸಿಟ್ಟಿನಿಂದ ಏರಿತು.

"ನಿಮಗೆ ಬಾಯಿರ್ಲಿಲ್ವಾ? ಚೆನ್ನಾಗಿದೆ ಅಂತ ಒಂದು ಸಲ, ಒಂದೇ ಸಲ ಅನ್ನೋಕೆ?"

"ನೀನೇ ಅಲ್ವಾ ಏನೂ ಹೇಳೋದು ಬೇಡ ಅಂದಿದ್ದು? ಅಲ್ಲಾ, ಇರುವೆನ ಯಾಕೆ ಸಾಲಾಗಿ ಹೋಗ್ತೀಯ ಅಂತ ಕೇಳ್ದೆ. ಮೋಡನ ಯಾಕೆ ಬಿದ್ದುಹೋಗಲ್ಲ ಅಂತ ಕೇಳ್ದೆ. ಪಕ್ಕದಲ್ಲಿ ಕೂತಿರೋ ಗಂಡನ್ನ, ಯಾಕ್ರೀ ಮೆಷಿನ್ ನಿಲ್ಲಿಸ್ದಿರಿ ಅಂತ ಒಂದಿನಾನಾದ್ರೂ ಕೇಳಿದ್ಯಾ?"

ಇಷ್ಟು ಗಟ್ಟಿಯಾಗಿ ಹೇಳಬೇಕೆಂದು ನಾನು ಬಂದಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಆಮೇಲೆ ನಿಧಾನವಾಗಿ ತಲೆ ಅಲ್ಲಾಡಿಸಿದಳು.

"ಇಲ್ಲ. ನೀವು ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ. ನಿನ್ನೆ ನಾನು ಹಾಗೆ ಮಾತಾಡಿದ್ನಲ್ಲ, ಅದಕ್ಕೆ."

"ನಿನ್ನ ನೀಲಿ ಕೋಟು ತಗೊಂಡು ಬಾ."

ಆ ಕೋಟನ್ನು ನಾನು ಹೊಲಿಯುತ್ತಿದ್ದಾಗ ಅವಳು ನಕ್ಷತ್ರದ ಬೆಳಕಿನ ಅಂಕಣ ಓದಿದ್ದಳು. ಮೆಷಿನ್ ನಿಲ್ಲಿಸಿ ಮತ್ತೆ ಶುರು ಮಾಡುವಾಗ ಎರಡು ಹೊಲಿಗೆ ಹಿಂದಕ್ಕೆ ಹಾಕಿ ಮುಂದೆ ಹೋಗುವುದು ನನ್ನ ಅಭ್ಯಾಸ, ಇಲ್ಲದಿದ್ದರೆ ಆ ಜಾಗದಲ್ಲಿ ಬಿಚ್ಚಿಕೊಳ್ಳುತ್ತದೆ. ಕೋಟಿನ ಒಳಗಿನ ಬಟ್ಟೆ ಮಗುಚಿ ಬೆನ್ನಿನ ಹೊಲಿಗೆ ತೋರಿಸಿದೆ. ಅವಳು ಭೂತಗನ್ನಡಿ ತಂದು, ಕಿಟಕಿಗೆ ಹಿಡಿದು, ಹೊಲಿಗೆಯ ಗುಂಟ ಇರುವೆಯನ್ನು ಹಿಂಬಾಲಿಸುವ ಹಾಗೆ ನೋಡುತ್ತ ಹೋದಳು. ಅಲ್ಲಲ್ಲಿ ದಾರ ಎರಡೆಳೆಯಾಗಿ ದಪ್ಪಗಾಗಿತ್ತು.

"ನೀವು ನಿಲ್ಲಿಸಿದ್ರಿ ಅನ್ನೋದಕ್ಕೆ ಇದು ಪುರಾವೆ. ಯಾಕೆ ನಿಲ್ಲಿಸಿದ್ರಿ ಅನ್ನೋದಕ್ಕಲ್ಲ" ಎಂದಳು.

ಇಂಥ ಹೆಂಗಸನ್ನು ಕಟ್ಟಿಕೊಂಡವನು ಸುಮ್ಮನೆ ಬೇರೆ ಊರಿಗೆ ಓಡಿಹೋಗಬೇಕು. ಆದರೆ ನಾನು ಕೋಟಿನ ಮೊದಲ ದಪ್ಪ ಹೊಲಿಗೆಯ ಮೇಲೆ ಬೆರಳಿಟ್ಟು ಹೇಳಿದೆ: "ಈ ಬೆಳಕು ಹೊರಟಾಗ ಅದನ್ನು ನೋಡುವವರು ಯಾರೂ ಹುಟ್ಟಿರಲಿಲ್ಲ. ಆದರೂ ಅದು ಹೊರಟಿತು."

ಅವಳು ಭೂತಗನ್ನಡಿ ಕೆಳಗಿಳಿಸಿದಳು.

"ಇನ್ನೊಂದು ಹೇಳ್ಲಾ? ಕನ್ನಡಿಯಲ್ಲಿ ಕಾಣುವ ನೀವು ಒಂದು ಚೂರು ಹಿಂದಿನ ನೀವು. ನಿಮ್ಮ ಈಗಿನ ಮುಖವನ್ನು ನೀವು ಯಾವತ್ತೂ ನೋಡಿಲ್ಲ, ಎದುರಿಗಿರುವವರೂ ನೋಡಿಲ್ಲ. ಅವತ್ತು ಒಂದು ಮದುವೆ ಜುಬ್ಬದ ಕೈ ಹೊಲೀತಿದ್ದೆ. ಕನ್ನಡಿ ಮುಂದೆ ಹೋಗಿ ನಿಂತು ನೋಡ್ಕೊಂಡೆ, ನೀನು ಸ್ನಾನಕ್ಕೆ ಹೋದ ಮೇಲೆ."

"ಚಂದ್ರ" ಎಂದಳು. ಪರೀಕ್ಷೆ ಮಾಡುವ ದನಿಯೇ, ಆದರೆ ಅರ್ಧಕ್ಕೇ ಒಡೆದಿತ್ತು.

"ಚಂದ್ರ ಉಗುರು ಬೆಳೆಯುವಷ್ಟು ನಿಧಾನವಾಗಿ ನಮ್ಮಿಂದ ದೂರ ಹೋಗುತ್ತಿದ್ದಾನೆ. ಹೊರಡುತ್ತೇನೆ ಅಂದ ಮೇಲೂ ಬಾಗಿಲಲ್ಲಿ ನಿಂತು ಮಾತು ಮುಗಿಸದ ನೆಂಟನ ಹಾಗೆ."

"ಮಾತು ಮುಗಿಸಲಾರದ ನೆಂಟ" ಎಂದು ತಿದ್ದಿದಳು.

"ಮುಗಿಸದ ಅಂತ್ಲೇ ನೀನು ಓದಿದ್ದೆ."

"ಬರೆದವಳು ನಾನಾ, ನೀವಾ?"

"ನೀನು ತೆಗೆದುಹಾಕ್ದೆ. ಇಟ್ಕೊಂಡಿದ್ದು ನಾನು" ಎಂದೆ. "ಅರ್ಥ ಆಗದ್ದನ್ನ ಯಾರಾದ್ರೂ ಇಷ್ಟು ವರ್ಷ ಬಾಯಿಪಾಠ ಇಟ್ಕೋತಾರಾ?"

ಅಳು ಬಂದರೆ ಅವಳು ಮೊದಲು ಕನ್ನಡಕ ತೆಗೆಯುತ್ತಾಳೆ, ಗಾಜು ಮಂಜಾಗುತ್ತದೆಂದು. ಕನ್ನಡಕ ತೆಗೆದು ನೀಲಿ ಕೋಟಿನ ಮೇಲೆ ಇಟ್ಟಳು. ನಾನು ಪಕ್ಕದಲ್ಲಿ ಕೂತೆ. ಅವಳ ತಲೆ ನನ್ನ ಭುಜಕ್ಕೆ ಬಂತು. ಅಳತೆ ತೆಗೆಯದೆ ನನಗೆ ಗೊತ್ತಿರುವ ಭುಜ ನನ್ನದೊಂದೇ.

"ಹಾಗಾದ್ರೆ ಒಬ್ಬರಿಗೆ ಮುಟ್ಟಿತ್ತು" ಎಂದಳು.

"ಮುಟ್ಟೋದೇನು, ಕೆಲಸ ಕೆಡಿಸಿತ್ತು. ನಾನು ವಾಯಿದೆಗೆ ಸರಿಯಾಗಿ ಬಟ್ಟೆ ಕೊಡಲ್ಲ ಅಂತ ಊರೆಲ್ಲ ಬೈಯೋದು ಯಾಕೆ ಅಂದ್ಕೊಂಡೆ?"

ಆ ರಾತ್ರಿ ಊಟದ ತನಕ ನಾನು ಹೇಳುತ್ತ ಹೋದೆ, ಅವಳು ಬರೆದುಕೊಳ್ಳುತ್ತ ಹೋದಳು. ಎಲ್ಲವೂ ಸಿಗಲಿಲ್ಲ. ಮಂಜಿನ ಮಾತಿನ ಅರ್ಧ ಮಾತ್ರ ನನ್ನಲ್ಲಿತ್ತು: ಮಂಜು ಎಂದರೆ ನೆಲಕ್ಕಿಳಿದ ಮೋಡ, ಮೋಡದೊಳಗೆ ನಡೆದು ಬಂದವರು... ಅಲ್ಲಿಂದ ಮುಂದೆ ನನಗೂ ನೆನಪಿಲ್ಲ, ಅವಳಿಗೂ ಇಲ್ಲ. ಉಪ್ಪಿನ ಬಗ್ಗೆ ಏನೋ ಇತ್ತು, ಮೆಷಿನ್ ಬಹಳ ಹೊತ್ತು ನಿಂತದ್ದು ನೆನಪಿದೆ, ಮಾತು ಹೋಗಿದೆ. ಇಬ್ಬರೂ ಎಷ್ಟು ತಡಕಾಡಿದರೂ ಬರಲಿಲ್ಲ. ಹೋದದ್ದು ಹೋಯಿತು. ಆ ದುಃಖ ನನಗೆ ಇನ್ನೂ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಹಳೆಯ ವಿದಾಯವನ್ನು ಅವಳು ಹರಿಯಲಿಲ್ಲ, ಹಿಂಬದಿಯಲ್ಲಿ ಹೊಸದನ್ನು ಬರೆದಳು. ಮರುದಿನ ಬೆಳಿಗ್ಗೆ ಸ್ಟೂಲು ಎಳೆದುಕೊಂಡು ಬಂದಾಗ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. "ನೀವು ಹೊಲೀತಿರಿ" ಎಂದಳು. ನಾನು ಶುರುವೇ ಮಾಡಲಿಲ್ಲ. ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತು ಕೇಳಿದೆ.

ಭಾನುವಾರ ಪತ್ರಿಕೆ ಬಂದಾಗ ಅದನ್ನು ಬಾಗಿಲಿನಿಂದ ಎತ್ತಿಕೊಂಡವನು ನಾನು. ಕಿಟಕಿಯ ಬಳಿ ನಿಂತು, ನನ್ನ ಹೆಂಡತಿಯ ಬರಹವನ್ನು ಜೀವನದಲ್ಲಿ ಮೊದಲ ಸಲ ಅಚ್ಚಿನಲ್ಲಿ ಇಡಿಯಾಗಿ ಓದಿದೆ. ಜೇಡದ ನಿನ್ನೆಯ ಮನೆ ಇತ್ತು. ಯಾರಿಗೂ ಕಾಯದೆ ಹೊರಟ ಬೆಳಕು ಇತ್ತು. ನೆಂಟ ಮಾತು ಮುಗಿಸಲಾರದೆ ಬಾಗಿಲಲ್ಲಿ ನಿಂತಿದ್ದ, ಅವಳ ತಿದ್ದುಪಡಿಯೊಂದಿಗೇ. ಮೊದಲಿಗೆ ಹೀಗಿತ್ತು:

"ಓದುಗರೇ, ಇಷ್ಟು ವರ್ಷ ನಾನು ನಿಮಗೆ ತಿಳಿದದ್ದನ್ನು ಕೊಟ್ಟೆ, ಬೆರಗಾದದ್ದನ್ನು ತೆಗೆದುಹಾಕಿ ಕೊಟ್ಟೆ. ಅದು ಬೇಕೆಂದು ಮಾಡಿದ್ದಲ್ಲ. ತೆಗೆದದ್ದೆಲ್ಲ ಕಳೆದುಹೋಯಿತು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲೇ ಒಬ್ಬರು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಹೋಗುವ ಮುಂಚೆ ನಿಮ್ಮದನ್ನು ನಿಮಗೆ ಒಪ್ಪಿಸುತ್ತಿದ್ದೇನೆ."

ಕೊನೆಗೆ ಹೀಗಿತ್ತು:

"ಕುತೂಹಲದ ಬೆನ್ನು ಹತ್ತಿ ಬಹಳ ದೂರ ಹೋಗಿಬಂದೆ. ಹೋದ ದಾರಿಗೆ ಪಶ್ಚಾತ್ತಾಪವಿಲ್ಲ. ಆದರೆ ಕೈಗೆಟುಕುವಷ್ಟು ಹತ್ತಿರ ಇದ್ದ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದೆ. ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನೀವು ಹಾಗೆ ಮಾಡಬೇಡಿ. ನಿಮ್ಮ ಪಕ್ಕದಲ್ಲಿರುವವರು ಇದ್ದಕ್ಕಿದ್ದಂತೆ ಸುಮ್ಮನಾದರೆ, ಯಾಕೆ ಎಂದು ಕೇಳಿ. ನನಗೆ ತಿಳಿದ ವಿಜ್ಞಾನ ಇಷ್ಟೇ. ಬರುತ್ತೇನೆ."

ಸೋಮವಾರ ಗುಮಾಸ್ತರು ಬಂದರು. ಹೊಲಿಸುವುದಕ್ಕೆ ಏನೂ ತಂದಿರಲಿಲ್ಲ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿ ಇಟ್ಟುಕೊಂಡಿದ್ದರು.

"ಈಗ ಇದೆ, ಜೇಡದ ಮಾತು" ಎಂದರು.

"ಆಗ ಇರ್ಲಿಲ್ಲ. ನಿಮ್ಮ ಕನ್ನಡಕದ ಮೇಲೆ ಸುಮ್ನೆ ತಪ್ಪು ಹೊರಿಸ್ದೆ" ಎಂದೆ.

ಅವರು ಹೊರಟವರು ಬಾಗಿಲಲ್ಲೇ ನಿಂತರು. "ನಮ್ಮ ಮನೆಯವಳು ಅಡುಗೆ ಮಾಡ್ತಾ ಮಾಡ್ತಾ ಒಂದೊಂದ್ಸಲ ಸೌಟು ಹಿಡ್ಕೊಂಡು ಹಾಗೇ ನಿಂತುಬಿಡ್ತಾಳೆ. ನಿನ್ನೆ ಯಾಕೆ ಅಂತ ಕೇಳ್ದೆ" ಎಂದರು. ಅವಳು ಏನು ಹೇಳಿದಳು ಎಂದು ಅವರು ಹೇಳಲಿಲ್ಲ. "ಇದನ್ನ ಮಾತ್ರ ಕತ್ತರಿಸಿ ಕಾಲರ್ ಮಾಡ್ಬೇಡಿ" ಎಂದು ನನ್ನ ಮೇಜಿನ ಮೇಲಿದ್ದ ಪುರವಣಿಯ ಕಡೆ ಬೆರಳು ತೋರಿಸಿ ಹೊರಟುಹೋದರು. ನಾನು ಒಳಗೆ ಹೋಗಿ ಅದಷ್ಟನ್ನೂ ನನ್ನ ಹೆಂಡತಿಗೆ ಹೇಳಿದೆ. ಅವಳು ಮತ್ತೆ ಕನ್ನಡಕ ತೆಗೆದಳು.

ಬರೆಯುವುದಕ್ಕೆ ಏನೂ ಇಲ್ಲದ ಮೊದಲ ಗುರುವಾರ ಬಂತು. ನಾನು ಎಂದಿನಂತೆ ಬೇಗ ಎದ್ದು ಮೆಷಿನ್ನಿಗೆ ಎಣ್ಣೆ ಬಿಟ್ಟು, ಒಂದು ಅಂಗಿಯ ಪಕ್ಕ ಹಿಡಿದು ಕೂತೆ. ಕಾಲು ತುಳಿಯುತ್ತಿತ್ತು, ಕಿವಿ ಒಳಗಿನ ಬಾಗಿಲ ಕಡೆಗಿತ್ತು. ಬರುವುದಿಲ್ಲ ಎಂದುಕೊಂಡೆ. ಬರಲು ಕಾರಣವಾದರೂ ಏನು? ಅಂಗಡಿ ಇಷ್ಟು ದೊಡ್ಡದು ಎಂದು ನನಗೆ ಅವತ್ತೇ ತಿಳಿದದ್ದು.

ಸ್ಟೂಲು ನೆಲದ ಮೇಲೆ ಕಿರ್ರೆಂದು ಎಳೆದ ಸದ್ದಾಯಿತು. ಅವಳು ಪಕ್ಕದಲ್ಲಿ ಬಂದು ಕೂತಳು. ಕೈಯಲ್ಲಿ ಹಾಳೆಯಿಲ್ಲ, ಪೆನ್ಸಿಲಿಲ್ಲ, ಚಹಾದ ಲೋಟ ಮಾತ್ರ.

"ಈ ಗುಳ್ಳೆ ನೋಡಿ" ಎಂದಳು, ಲೋಟದೊಳಗೆ ಇಣುಕುತ್ತ. "ನಡುವಲ್ಲಿ ಒಂದೊಂದೇ ಇದ್ವು. ಈಗ ಒಂದನ್ನೊಂದು ಹುಡುಕ್ಕೊಂಡು ಹೋಗಿ ಅಂಚಲ್ಲಿ ಗುಂಪು ಕಟ್ಟಿವೆ. ಯಾರೂ ಎಳೀಲಿಲ್ಲ, ಯಾರೂ ತಳ್ಳಲಿಲ್ಲ. ಒಂದು ಗುಳ್ಳೆ ಇದ್ದ ಕಡೆ ನೀರೇ ಸ್ವಲ್ಪ ಬಾಗುತ್ತೆ, ಅಷ್ಟೇ. ಆ ಬಾಗಿದ ಕಡೆಗೆ ಇನ್ನೊಂದು ಜಾರಿ ಬರುತ್ತೆ. ಹತ್ತಿರ ಬರೋದು ಅಂದ್ರೆ ಇಷ್ಟೇ ಇರ್ಬೇಕು."

ನನ್ನ ಕಾಲು ನಿಂತಿತು.

ಅವಳು ಲೋಟದಿಂದ ತಲೆಯೆತ್ತಿ ನನ್ನನ್ನು ನೋಡಿದಳು.

"ಯಾಕ್ರೀ ನಿಲ್ಲಿಸಿದ್ರಿ?"

"ದಾರ ಮುಗೀತು" ಎಂದೆ.

ಅವಳು ಬಗ್ಗಿ, ಮೆಷಿನ್ನಿನ ಕೆಳಗಿನ ತಗಡು ಸರಿಸಿ, ಕೆಳದಾರ ಸುತ್ತಿದ ಬಾಬಿನ್ನನ್ನು ಬೆಳಕಿಗೆ ಹಿಡಿದು ನೋಡಿದಳು. ದಾರ ತುಂಬಿತ್ತು. ಅದನ್ನು ಮತ್ತೆ ಅದರ ಜಾಗದಲ್ಲಿಟ್ಟು, ತಗಡು ಮುಚ್ಚಿ, ನೆಟ್ಟಗೆ ಕೂತು, ಅದೇ ಮಾತನ್ನು ಮೊದಲಿನಿಂದ ಇನ್ನೊಂದು ಸಲ ಹೇಳಿದಳು.